ಓವನ್‌ನಲ್ಲಿ ಸಿಂಪಿ, ಮೇಲೆ ಬೆಳ್ಳುಳ್ಳಿ ಬೆಣ್ಣೆ: ಬೆಣ್ಣೆ ಸುಟ್ಟಿತು, ಸಿಂಪಿ ರಬ್ಬರ್ ಆಯ್ತು, ಎಲ್ಲಿ ತಪ್ಪಿದೆ?

ಒಲೆಮುಂದೆ:

ಎಲ್ಲರಿಗೂ ನಮಸ್ಕಾರ. ಸಿಂಪಿ, ಅಂದ್ರೆ ಆಯ್ಸ್ಟರ್, ಮೊನ್ನೆ ಮೊದಲ ಸಲ ಮನೇಲಿ ಮಾಡಿದೆ. ಏನೇನು ಮಾಡಿದೆ ಅಂತ ಇದ್ದಿದ್ದು ಇದ್ದ ಹಾಗೆ ಬರೀತೀನಿ, ತಿಳಿದವರು ದಯವಿಟ್ಟು ತಿದ್ದಿ.

ಹನ್ನೆರಡು ಸಿಂಪಿ ಇತ್ತು. ಚಾಕು ತೂರಿಸಿ ಬಿಡಿಸೋಕೇ ಮುಕ್ಕಾಲು ಗಂಟೆ ಹಿಡೀತು. ಒಳಗಿದ್ದ ನೀರನ್ನೆಲ್ಲ ಸಿಂಕಿಗೆ ಬಗ್ಗಿಸಿ, ಮಾಂಸವನ್ನ ನಲ್ಲಿ ನೀರಲ್ಲಿ ತೊಳೆದು ಮತ್ತೆ ಚಿಪ್ಪಿಗೆ ಇಟ್ಟೆ. ಉಪ್ಪು ಇರೋ ಬೆಣ್ಣೆ ಕರಗಿಸಿ, ಅದಕ್ಕೆ ಹಸಿ ಬೆಳ್ಳುಳ್ಳಿ ತುರಿದು ಹಾಕಿ, ಇನ್ನೊಂದು ಚಿಟಿಕೆ ಉಪ್ಪೂ ಸೇರಿಸಿ, ಒಂದೊಂದಕ್ಕೂ ಒಂದೊಂದು ಚಮಚ ಸುರಿದೆ. ಟ್ರೇ ಮೇಲೆ ಚಿಪ್ಪು ನಿಲ್ಲಲೇ ಇಲ್ಲ, ಒಂದು ಈ ಕಡೆ ವಾಲಿದ್ರೆ ಇನ್ನೊಂದು ಆ ಕಡೆ. ಓವನ್‌ನ ಮೇಲಿನ ಗ್ರಿಲ್ ಪೂರ್ತಿ ಉರೀತಿತ್ತು. ಆರು ನಿಮಿಷಕ್ಕೆ ಅಡುಗೆಮನೆ ತುಂಬ ಹೊಗೆ. ತೆಗೆದು ನೋಡಿದ್ರೆ ಬೆಣ್ಣೆ ಪೂರಾ ಟ್ರೇಗೆ ಇಳಿದು ಕಪ್ಪಾಗಿತ್ತು, ಬೆಳ್ಳುಳ್ಳಿ ಕಹಿ, ಸಿಂಪಿ ಅರ್ಧಕ್ಕೆ ಕುಗ್ಗಿ ರಬ್ಬರ್ ಥರ, ಜೊತೆಗೆ ಬಾಯಿಗಿಡಲಾಗದಷ್ಟು ಉಪ್ಪು.

ಮುಂದಿನ ಭಾನುವಾರ ತಂಗಿ ಬರ್ತಾಳೆ. ಸಿಂಪಿ ಅಂದ್ರೆ ಅವಳಿಗೆ ಪ್ರಾಣ. ಆದರೆ ಈಗ ಐದು ತಿಂಗಳ ಬಸುರಿ, ಹಾಗಾಗಿ ಹಸಿ ಅಥವಾ ಅರೆಬೆಂದದ್ದು ಕೊಡೋ ಹಾಗೇ ಇಲ್ಲ. ಪೂರ್ತಿ ಬೆಂದಿರಬೇಕು, ಆದರೂ ಮೃದುವಾಗಿರಬೇಕು. ಇದು ಆಗೋ ಮಾತಾ?


ಉಪ್ಪುನೀರು:

ಖಂಡಿತ ಆಗುತ್ತೆ. ನೀವು ನಾಲ್ಕು ತಪ್ಪು ಹೇಳಿದ್ದೀರಿ: ಬೆಣ್ಣೆ ಸುಟ್ಟಿದ್ದು, ಬೆಳ್ಳುಳ್ಳಿ ಕಹಿಯಾಗಿದ್ದು, ಮಾಂಸ ಗಟ್ಟಿಯಾಗಿದ್ದು, ಉಪ್ಪು ಹೆಚ್ಚಾಗಿದ್ದು. ಉಪ್ಪೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಬೇರು ಒಂದೇ. ಚಿಪ್ಪಿನ ನೀರನ್ನ ನೀವು ಚೆಲ್ಲಿಬಿಟ್ಟಿರಿ.

ಆ ನೀರು ಕೊಳೆ ಅಲ್ಲ, ಸಿಂಪಿ ಬಾಯಿ ಮುಚ್ಚಿಕೊಂಡಾಗ ಒಳಗೆ ಹಿಡಿದಿಟ್ಟುಕೊಂಡ ರಸ. ಅರ್ಧ ರುಚಿ ಅದರಲ್ಲೇ ಇರೋದು. ರುಚಿಗಿಂತ ದೊಡ್ಡ ಕೆಲಸ ಇನ್ನೊಂದಿದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತೆ. ಚಿಪ್ಪಲ್ಲಿ ನೀರು ಇರುವ ತನಕ ಅದರ ಮೇಲೆ ತೇಲುವ ಬೆಣ್ಣೆಯೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ, ಓವನ್ 230 ಡಿಗ್ರಿ ಇದ್ದರೂ ಸರಿ. ಬೆಣ್ಣೆಯಲ್ಲಿರೋ ಹಾಲಿನ ಅಂಶ ಕಪ್ಪಾಗೋಕೆ 150 ಡಿಗ್ರಿ ಸುತ್ತಮುತ್ತ ಬೇಕು. ಅಂದ್ರೆ ಒಳಗೆ ರಸ ಇದ್ದರೆ ಬೆಣ್ಣೆ ಸುಡಲ್ಲ, ಮಾಂಸ ರಸದಲ್ಲಿ ಬೇಯುತ್ತೆ. ರಸ ಇಲ್ಲದಿದ್ದರೆ ಮಾಂಸ ಒಣ ಶಾಖದಲ್ಲಿ ಹುರಿಯುತ್ತೆ, ಒಣ ಚಿಪ್ಪು ಕಾದ ಬಾಣಲೆ ಥರ ಆಗುತ್ತೆ. ನಿಮ್ಮ ಹೊಗೆ ಎದ್ದಿದ್ದು ಟ್ರೇ ಮೇಲೆ ಇಳಿದ ಬೆಣ್ಣೆಯಿಂದ. ಬರೀ ಲೋಹದ ಮೇಲೆ ಬಿದ್ದ ಬೆಣ್ಣೆಯನ್ನ ತಡೆಯೋಕೆ ಏನೂ ಇರಲ್ಲ.

ಹಾಗಾಗಿ ಚಿಪ್ಪನ್ನ ತಟ್ಟೆ ಅಂದುಕೊಳ್ಳಬೇಡಿ, ಪುಟ್ಟ ಪಾತ್ರೆ ಅಂದುಕೊಳ್ಳಿ. ಪಾತ್ರೆ ವಾಲಬಾರದು. ಟ್ರೇ ಮೇಲೆ ಕಲ್ಲುಪ್ಪನ್ನ ಒಂದು ಬೆರಳು ದಪ್ಪ ಹರಡಿ, ಚಿಪ್ಪನ್ನ ಅದರಲ್ಲಿ ಒತ್ತಿ ಕೂರಿಸಿ. ಉಪ್ಪು ಇಲ್ಲ ಅಂದ್ರೆ ಅಲ್ಯೂಮಿನಿಯಂ ಫಾಯಿಲ್ ಮುದುಡಿ ಹಾಸಿ, ಅದೂ ಅಷ್ಟೇ ಚೆನ್ನಾಗಿ ಹಿಡಿಯುತ್ತೆ. ಯಾವಾಗಲೂ ಗುಂಡಿ ಇರೋ ಚಿಪ್ಪು ಕೆಳಗೆ, ಚಪ್ಪಟೆ ಚಿಪ್ಪು ಮೇಲೆ.

ಇನ್ನು ಉಪ್ಪು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಿಂಪಿ ಬೆಳೆಯೋದೂ ಉಪ್ಪು ಇರೋ ನೀರಲ್ಲೇ, ಅದರ ರಸ ಬೇಯ್ತಾ ಇನ್ನಷ್ಟು ಬತ್ತುತ್ತೆ. ಬೆಣ್ಣೆಗೆ ಒಂದು ಹರಳೂ ಉಪ್ಪು ಬೇಡ.


ಮಳೆಹನಿ:

ನಲ್ಲಿ ನೀರಲ್ಲಿ ಮಾಂಸ ತೊಳೀಬಾರದಾ? ಮರಳು ಇರುತ್ತಲ್ಲ?


ಉಪ್ಪುನೀರು:

ತೊಳೆಯೋದು ಬಿಡಿಸೋಕೆ ಮುಂಚೆ. ಮುಚ್ಚಿದ ಚಿಪ್ಪನ್ನ ಹರಿಯೋ ತಣ್ಣೀರಲ್ಲಿ ಬಿರುಸು ಬ್ರಷ್‌ನಿಂದ ಉಜ್ಜಿ, ಕೀಲಿನ ಸಂದಿಯಲ್ಲಿ ಕೆಸರು ಕೂತಿರುತ್ತೆ, ಅಲ್ಲಿ ಹೆಚ್ಚು. ಬಕೆಟ್ ನೀರಲ್ಲಿ ನೆನೆಸಿಡಬೇಡಿ, ಸಿಹಿನೀರಲ್ಲಿ ಅದು ಸಾಯುತ್ತೆ. ಬಿಡಿಸಿದ ಮೇಲೆ ಚಿಪ್ಪಿನ ಚೂರು ಕಂಡರೆ ಚಾಕುವಿನ ತುದಿಯಿಂದ ಎತ್ತಿ ತೆಗೆಯಿರಿ. ರಸದಲ್ಲಿ ಮರಳು ಇದೆ ಅನ್ನಿಸಿದರೆ ಬಟ್ಟೆಯಲ್ಲಿ ಸೋಸಿ ವಾಪಸ್ ಚಿಪ್ಪಿಗೆ ಹಾಕಿ.


ಬೆಣ್ಣೆಬಟ್ಟಲು:

ಬೆಣ್ಣೆ ವಿಷಯ ನಾನು ಹೇಳ್ತೀನಿ, ನನಗೆ ಇದರ ಮೇಲೆ ಬಹಳ ಪ್ರೀತಿ.

ಮೊದಲನೇ ಮಾತು, ಬೆಣ್ಣೆ ಕರಗಿಸಿ ಸುರಿಯಬೇಡಿ. ತಣ್ಣಗೆ, ಬಿಲ್ಲೆ ಮಾಡಿ ಇಡಿ. ಕರಗಿಸಿದ್ದು ಸುರಿದ ತಕ್ಷಣ ಅಂಚಿನಿಂದ ಹರಿದು ಹೋಗುತ್ತೆ. ಗಟ್ಟಿ ಬಿಲ್ಲೆ ಆದರೆ ನಿಧಾನಕ್ಕೆ ಕರಗುತ್ತೆ, ಅಷ್ಟರಲ್ಲಿ ಮಾಂಸದ ಅಂಚು ಸುರುಳಿಯಾಗಿ ಬೆಣ್ಣೆ ನಿಲ್ಲೋಕೆ ಜಾಗ ಮಾಡಿಕೊಟ್ಟಿರುತ್ತೆ.

ಹನ್ನೆರಡು ಸಿಂಪಿಗೆ 100 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಒಂದಕ್ಕೆ ಎಂಟು ಗ್ರಾಂ ಹತ್ತಿರ ಬರುತ್ತೆ, ಅದಕ್ಕಿಂತ ಜಾಸ್ತಿ ಹಾಕಿದರೆ ತುಂಬಿ ಚೆಲ್ಲುತ್ತೆ. ಬೆಣ್ಣೆಯನ್ನ ಹೊರಗಿಟ್ಟು ಮೆತ್ತಗಾಗೋಕೆ ಬಿಡಿ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಆದರೆ ಹೊಳಪು ಬಂದು ಎಣ್ಣೆ ಬಿಡಬಾರದು. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು, 16 ಭಾಗ ನೀರು. ಕರಗಿ ಮತ್ತೆ ಗಟ್ಟಿಯಾದರೆ ಆ ಎರಡೂ ಬೇರೆಯಾಗಿ ತರಿತರಿ ಆಗುತ್ತೆ, ಅದಕ್ಕೇ ಈ ಕಾಳಜಿ.

ಬೆಳ್ಳುಳ್ಳಿ ಮೂರು ಎಸಳು ಸಣ್ಣಗೆ ಹೆಚ್ಚಿ, ಆ ಬೆಣ್ಣೆಯಲ್ಲೇ ಒಂದು ಚಮಚ ತೆಗೆದು, ಸಣ್ಣ ಉರೀಲಿ ಎರಡು ನಿಮಿಷ ಬಾಡಿಸಿ. ಬಣ್ಣ ತಿರುಗಬಾರದು, ಹಸಿ ಘಾಟು ಹೋಗಬೇಕು ಅಷ್ಟೇ. ಅದು ಪೂರ್ತಿ ಆರಿದ ಮೇಲೆ ಉಳಿದ ಬೆಣ್ಣೆಗೆ ಸೇರಿಸಿ. ನಿಮ್ಮ ತುರಿದ ಹಸಿ ಬೆಳ್ಳುಳ್ಳಿ ಕಹಿಯಾಗಿದ್ದಕ್ಕೆ ಇನ್ನೊಂದು ಕಾರಣ ಇದೇ. ತುರಿದದ್ದು ತೆಳು, ಗ್ರಿಲ್ ಕೆಳಗೆ ಕ್ಷಣದಲ್ಲಿ ಕರಕಲಾಗುತ್ತೆ.

ಎರಡು ದೊಡ್ಡ ಚಮಚ ಹೆಚ್ಚಿದ ಪಾರ್ಸ್ಲಿ ಅಥವಾ ಕೊತ್ತಂಬರಿ, ಕಾಳುಮೆಣಸು, ಅರ್ಧ ನಿಂಬೆಹಣ್ಣಿನ ಹಳದಿ ಸಿಪ್ಪೆಯ ತುರಿ. ಗಮನಿಸಿ, ಸಿಪ್ಪೆ ಮಾತ್ರ. ರಸವನ್ನ ಬೆಣ್ಣೆಗೆ ಹಿಂಡಿದರೆ ಅದು ಸುಲಭವಾಗಿ ಬೆರೆಯಲ್ಲ, ಮಣಿಮಣಿಯಾಗಿ ಪಕ್ಕಕ್ಕೆ ನಿಲ್ಲುತ್ತೆ. ಪರಿಮಳ ಇರೋದು ಸಿಪ್ಪೆಯ ಎಣ್ಣೇಲಿ, ಅದು ಬೆಣ್ಣೆಗೆ ಚೆನ್ನಾಗಿ ಇಳಿಯುತ್ತೆ. ರಸವನ್ನ ಓವನ್ನಿಂದ ತೆಗೆದ ಮೇಲೆ ಹಿಂಡಿ.

ಇಷ್ಟನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಹೆಬ್ಬೆರಳು ದಪ್ಪದ ಕೋಲು ಮಾಡಿ, ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ಬೇಕಾದಾಗ ಬಿಲ್ಲೆ ಕತ್ತರಿಸಿ.


ಕೆಂಡದೊಲೆ:

ಓವನ್ ಎಲ್ಲ ಯಾಕೆ? ಇದ್ದಿಲ ಕೆಂಡದ ಮೇಲೆ ಇಡಿ, ಮೂರ್ನಾಲ್ಕು ನಿಮಿಷಕ್ಕೆ ಬಾಯಿ ಬಿಡುತ್ತೆ, ಬೆಣ್ಣೆ ಹಾಕಿ, ತಿನ್ನಿ. ಆ ಹೊಗೆಯ ವಾಸನೆ ಓವನ್‌ನಲ್ಲಿ ಎಲ್ಲಿ ಬರುತ್ತೆ? ಹತ್ತು ನಿಮಿಷ ಬೇಯಿಸೋದು ಅಂದ್ರೆ ಸಿಂಪಿಗೆ ಮಾಡೋ ಅನ್ಯಾಯ.


ನಿಧಾನಗತಿ:

ಕೆಂಡದೊಲೆಯವರೇ, ರುಚಿಯ ಬಗ್ಗೆ ನಿಮ್ಮ ಮಾತು ಒಪ್ತೀನಿ. ಆದರೆ ಇಲ್ಲಿ ತಿನ್ನೋರು ಬಸುರಿ ಹೆಂಗಸು. ಬಾಯಿ ಬಿಟ್ಟ ತಕ್ಷಣ ಬೆಂದಿದೆ ಅಂತ ಅಲ್ಲ, ಇದನ್ನ ಒತ್ತಿ ಹೇಳಲೇಬೇಕು.

ಸಿಂಪಿಯ ಎರಡು ಚಿಪ್ಪನ್ನ ಬಿಗಿಹಿಡಿಯೋದು ಒಳಗಿನ ಒಂದೇ ಸ್ನಾಯು. ಬಿಸಿ ತಾಗಿದಾಗ ಅದು ಸಡಿಲ ಆಗುತ್ತೆ, ಬಾಯಿ ತೆರೆಯುತ್ತೆ. ಆ ಹೊತ್ತಿಗೆ ಹೊಟ್ಟೆಯ ಭಾಗ ಇನ್ನೂ ಉಗುರುಬೆಚ್ಚಗೆ ಇರಬಹುದು. ಸಿಂಪಿ ನೀರನ್ನ ಸೋಸಿ ತಿನ್ನೋ ಜೀವಿ. ಬೆಳೆದದ್ದೊಂದು ದಿನಕ್ಕೆ 190 ಲೀಟರ್ ತನಕ ನೀರು ಸೋಸಬಲ್ಲದು. ಆ ನೀರಲ್ಲಿ ಏನಿತ್ತೋ ಅದೆಲ್ಲ ಅದರ ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತೆ. ಮುಖ್ಯವಾಗಿ ಹೆದರಬೇಕಾದ್ದು ಎರಡಕ್ಕೆ: ವಿಬ್ರಿಯೋ ಬ್ಯಾಕ್ಟೀರಿಯಾ, ನೋರೋವೈರಸ್. ವಿಬ್ರಿಯೋ ವಲ್ನಿಫಿಕಸ್ ಅನ್ನೋ ಜಾತಿ ಯಕೃತ್ತಿನ ಕಾಯಿಲೆ ಇರೋರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರೋರಿಗೆ ಜೀವಕ್ಕೇ ಅಪಾಯ. ಈ ರೋಗಾಣು ಇರೋ ಸಿಂಪಿ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಬೇರೆ ಥರ ಇರಲ್ಲ. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದೂ ಇವನ್ನ ಕೊಲ್ಲಲ್ಲ. ಫ್ರೀಜರ್‌ನಲ್ಲಿ ಇಟ್ಟರೂ ಪೂರ್ತಿ ಹೋಗಲ್ಲ. ಬಿಸಿ ಒಂದೇ ದಾರಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಿಡಿಸಿದ ಸಿಂಪಿಗೆ ಕೊಡೋ ಲೆಕ್ಕ ಹೀಗಿದೆ: ಓವನ್‌ನಲ್ಲಿ ಸುಮಾರು 230 ಡಿಗ್ರಿಯಲ್ಲಿ 10 ನಿಮಿಷ, ಅಥವಾ ಗ್ರಿಲ್ ಉರಿಯಿಂದ ಮೂರು ಇಂಚು ದೂರದಲ್ಲಿ 3 ನಿಮಿಷ, ಅಥವಾ ಕುದಿಯೋ ನೀರಲ್ಲಿ ಕನಿಷ್ಠ 3 ನಿಮಿಷ. ಚಿಪ್ಪಿನ ಸಮೇತ ಕುದಿಸೋದಾದರೆ ಬಾಯಿ ಬಿಟ್ಟ ಮೇಲೆ ಇನ್ನೂ 3ರಿಂದ 5 ನಿಮಿಷ.

ನೋರೋವೈರಸ್ ಇನ್ನೂ ಹಟಮಾರಿ, 63 ಡಿಗ್ರಿಯನ್ನೂ ತಡಕೊಳ್ಳುತ್ತೆ. ಆಹಾರದಲ್ಲಿನ ವೈರಸ್ ಬಗ್ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ 2012ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಚಿಪ್ಪುಜೀವಿಯ ಒಳಭಾಗ 85ರಿಂದ 90 ಡಿಗ್ರಿ ತಲುಪಿ ಕನಿಷ್ಠ 90 ಸೆಕೆಂಡ್ ಹಾಗೇ ಇರಬೇಕು ಅಂತಿದೆ. ಒಳಭಾಗ ಅನ್ನೋ ಪದ ಗಮನಿಸಿ. ಸುತ್ತ ರಸ ಕುದೀತಿದ್ದರೂ ದೊಡ್ಡ ಸಿಂಪಿಯ ನಡುಭಾಗಕ್ಕೆ ಬಿಸಿ ತಲುಪೋಕೆ ಹೊತ್ತು ಹಿಡಿಯುತ್ತೆ. ಹಾಗಾಗಿ ಈ ಸಲ ಮಧ್ಯಮ ಗಾತ್ರದ್ದೇ ಆರಿಸಿ, 230 ಡಿಗ್ರಿ, 10 ನಿಮಿಷ, ಗಡಿಯಾರ ನೋಡಿ. ತಂಗಿಯವರು ಅವರ ಡಾಕ್ಟರನ್ನ ಒಂದು ಮಾತು ಕೇಳಿಕೊಂಡರೆ ಇನ್ನೂ ಒಳ್ಳೇದು.


ಕೆಂಡದೊಲೆ:

ಬಸುರಿ ಅನ್ನೋದನ್ನ ನಾನು ಸರಿಯಾಗಿ ಓದಿರಲಿಲ್ಲ, ಕ್ಷಮಿಸಿ. ಹಾಗಾದ್ರೆ ನಿಧಾನಗತಿಯವರು ಹೇಳಿದ್ದೇ ಸರಿ. ಅವರಿಗೆ ಓವನ್‌ನಲ್ಲೇ ಮಾಡಿ, ಕೆಂಡದಲ್ಲಿ ಬಿಸಿ ಒಂದೇ ಸಮ ಇರಲ್ಲ.

ಕೆಂಡದಲ್ಲಿ ಮಾಡೋರಿಗೆ ಒಂದು ಎಚ್ಚರಿಕೆ ನನ್ನ ಕಡೆಯಿಂದ. ಚಿಪ್ಪು ಸುಣ್ಣದ ಪದರ ಪದರ. ನಡುವೆ ಸಣ್ಣ ಸಣ್ಣ ಪೊಳ್ಳು, ಅದರಲ್ಲಿ ನೀರು ಇರುತ್ತೆ. ಆ ನೀರು ಆವಿಯಾದಾಗ ಚಿಪ್ಪಿನ ಚೂರು ಪಟ್ ಅಂತ ಸಿಡಿಯುತ್ತೆ. ನನ್ನ ಕೆನ್ನೆಗೆ ಒಂದು ಚೂರು ಬಡಿದಿತ್ತು, ಕಣ್ಣಿಗೂ ಅದಕ್ಕೂ ಎರಡು ಬೆರಳು ಅಂತರ. ಅವತ್ತಿಂದ ಕನ್ನಡಕ ಹಾಕದೆ ಒಲೆ ಹತ್ರ ಹೋಗಲ್ಲ, ಮಕ್ಕಳನ್ನ ಹತ್ರ ಬಿಡಲ್ಲ. ಬೆಣ್ಣೆ ತೊಟ್ಟಿಕ್ಕಿದರೆ ಜ್ವಾಲೆ ಏಳುತ್ತೆ, ಉದ್ದ ಇಕ್ಕಳ ಬೇಕೇ ಬೇಕು.


ಒಲೆಮುಂದೆ:

ಎಲ್ಲರಿಗೂ ಧನ್ಯವಾದ. ರಸ ಚೆಲ್ಲಿದ್ದೇ ಮೂಲ ಅಂತ ಗೊತ್ತಾದ ಮೇಲೆ ಹಳೇ ತಪ್ಪೆಲ್ಲ ಒಂದೊಂದಾಗಿ ಅರ್ಥ ಆಗ್ತಿದೆ. ಈಗ ಎರಡು ಪ್ರಶ್ನೆ. ರಸ ಚೆಲ್ಲದ ಹಾಗೆ ಬಿಡಿಸೋದು ಹೇಗೆ? ನನ್ನ ಕೈಗೆ ಆ ಚಾಕು ಒಗ್ಗಲ್ಲ, ಹೋದ ಸಲ ಎಡ ಅಂಗೈಗೆ ಚುಚ್ಚಿಕೊಂಡೆ. ಎರಡು, 10 ನಿಮಿಷ ಇಟ್ಟರೂ ಮೃದುವಾಗೇ ಇರುತ್ತಾ?


ಸಿಂಪಿಗತ್ತಿ:

ಚಾಕು ಕೈಯಲ್ಲಿ ಹಿಡಿಯೋಕೆ ಮುಂಚೆ ಓವನ್‌ಗೆ ಹಾಕಿ. ನಾನು ವರ್ಷಗಟ್ಟಲೆ ಹಸಿಯಾಗೇ ಬಿಡಿಸ್ತಿದ್ದೆ, ಬೇಯಿಸೋ ಸಿಂಪಿಗೆ ಆ ಶ್ರಮ ಬೇಕಿಲ್ಲ ಅಂತ ತಡವಾಗಿ ಗೊತ್ತಾಯ್ತು.

ಓವನ್ 230 ಡಿಗ್ರಿಗೆ ಚೆನ್ನಾಗಿ ಕಾಯಲಿ. ಉಪ್ಪಿನ ಹಾಸಿನ ಮೇಲೆ ಮುಚ್ಚಿದ ಸಿಂಪಿಗಳನ್ನ ಚಪ್ಪಟೆ ಬದಿ ಮೇಲಾಗಿ ಇಟ್ಟು ಒಳಗೆ ತಳ್ಳಿ. ಐದು ನಿಮಿಷ ಆದಮೇಲೆ ಬಗ್ಗಿ ನೋಡ್ತಾ ಇರಿ. ಅಂಚಲ್ಲಿ ಒಂದು ಗೆರೆ ಕಾಣುತ್ತೆ, ಕಾಗದ ತೂರುವಷ್ಟು ಸಂದಿ. ಕೆಲವು ಬೇಗ, ಕೆಲವು ಏಳೆಂಟು ನಿಮಿಷಕ್ಕೆ. ಸಂದಿ ಕಂಡ ಕೂಡಲೇ ಆ ಸಿಂಪಿಯನ್ನ ಹೊರಗೆ ತೆಗೆಯಿರಿ. ಬಾಯಿ ಅಗಲ ಆಗುವ ತನಕ ಕಾಯಬೇಡಿ, ಅಷ್ಟು ಹೊತ್ತಿಗೆ ರಸ ಆರಿರುತ್ತೆ.

ಈಗ ದಪ್ಪ ಟವೆಲ್ಲನ್ನ ನಾಲ್ಕು ಮಡಿಕೆ ಮಾಡಿ ಎಡಗೈಗೆ ಹಿಡಿಯಿರಿ, ಅಡಿಯಲ್ಲಿ ಗ್ಲೌಸ್ ಕೂಡ ಇರಲಿ. ಸಿಂಪಿಯನ್ನ ಮೇಜಿನ ಮೇಲೆ ಒತ್ತಿ ಹಿಡಿಯಿರಿ, ಅಂಗೈ ಮೇಲೆ ಇಟ್ಟುಕೊಳ್ಳಲೇಬೇಡಿ. ಮೊಂಡು ತುದಿಯ ಗಟ್ಟಿ ಚಾಕು ಸಂದಿಗೆ ತೂರಿಸಿ, ಅಲಗನ್ನ ಮೇಲಿನ ಚಿಪ್ಪಿಗೆ ಆತುಕೊಂಡ ಹಾಗೆ ಎಳೆಯಿರಿ. ಸ್ನಾಯು ಕತ್ತರಿಸಿದ ಕೂಡಲೇ ಮೇಲಿನ ಚಿಪ್ಪು ಪೆಟ್ಟಿಗೆ ಮುಚ್ಚಳದ ಹಾಗೆ ಬಿಟ್ಟುಕೊಡುತ್ತೆ. ಆಮೇಲೆ ಮಾಂಸದ ಅಡಿಗೂ ಒಂದು ಸಲ ಅಲಗು ಆಡಿಸಿ, ಕೆಳಗಿನ ಚಿಪ್ಪಿಗೆ ಅಂಟಿದ್ದು ಬಿಡಲಿ. ಇಷ್ಟೂ ಹೊತ್ತು ಸಿಂಪಿ ನೆಟ್ಟಗೆ ಇದ್ದರೆ ರಸದ ಒಂದು ಹನಿಯೂ ಚೆಲ್ಲಲ್ಲ.

ಹತ್ತು ನಿಮಿಷವಾದರೂ ಬಾಯಿ ಬಿಡದ ಸಿಂಪಿ ಇದ್ದರೆ ಎಸೆಯಿರಿ. ಬಲವಂತವಾಗಿ ತೆಗೆದು ನೋಡೋದು ಬೇಡ.


ಬೆಣ್ಣೆಬಟ್ಟಲು:

ಮೃದುವಾಗಿರುತ್ತಾ ಅನ್ನೋದಕ್ಕೆ: ಮೇಲೆ ಮುಚ್ಚಳ ಬೇಕು. ಆ ಮುಚ್ಚಳವೇ ಬ್ರೆಡ್ ಪುಡಿ. ಬೆಣ್ಣೆ ಬಿಲ್ಲೆ ಮೇಲೆ ಒಂದು ಚಮಚ ತರಿ ಬ್ರೆಡ್ ಪುಡಿ ಉದುರಿಸಿ. ಕರಗಿದ ಬೆಣ್ಣೆಯನ್ನ ಅದು ಹೀರಿ ಹಿಡಿಯುತ್ತೆ, ಹೊರಗೆ ಹರಿಯಲು ಬಿಡಲ್ಲ. ಮೇಲಿನ ಬಿಸಿ ನೇರ ಮಾಂಸಕ್ಕೆ ತಾಗಲ್ಲ. ಕೆಳಗೆ ರಸ, ಮೇಲೆ ಪುಡಿ, ನಡುವೆ ಸಿಂಪಿ ಆವಿಯಲ್ಲಿ ಬೆಂದ ಹಾಗೆ ಬೇಯುತ್ತೆ. ಮಾಂಸ ಸ್ವಲ್ಪ ಕುಗ್ಗುತ್ತೆ, ಅದು ಸಹಜ. ಆದರೆ ರಬ್ಬರ್ ಆಗಲ್ಲ. ಬ್ರೆಡ್ ಪುಡಿಯಲ್ಲೂ ಉಪ್ಪು ಇರುತ್ತೆ, ಚೀಸ್ ಹಾಕೋದಾದರೆ ಅದರಲ್ಲೂ. ಮೊದಲ ಸಲ ಚೀಸ್ ಬಿಡಿ.


ಮಳೆಹನಿ:

ಉಪ್ಪು ಎಷ್ಟಿದೆ ಅಂತ ರಸದ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದಲ್ಲ?


ನಿಧಾನಗತಿ:

ಬೇಡ. ಅದು ಹಸಿ ರಸ. ಉಪ್ಪು ಇದ್ದೇ ಇದೆ ಅಂತ ತಿಳಿದು ನಡೆಯಿರಿ, ಬೆಂದ ಮೇಲೆ ಮೊದಲ ಸಿಂಪಿಯ ರುಚಿ ನೋಡಿ ಬೇಕಾದರೆ ಮೇಲಿಂದ ಉದುರಿಸಿ. ಹಸಿ ಸಿಂಪಿ ಇಟ್ಟ ತಟ್ಟೆ, ಅದಕ್ಕೆ ಬಳಸಿದ ಟವೆಲ್, ಚಾಕು ಎಲ್ಲ ಬೇರೆ ಇರಲಿ, ಬೆಂದದ್ದಕ್ಕೆ ತೊಳೆದ ತಟ್ಟೆ ತೊಗೊಳ್ಳಿ.


ಉಪ್ಪುನೀರು:

ಆರಿಸೋದರ ಬಗ್ಗೆ ಯಾರೂ ಬರೆದಿಲ್ಲ. ಕೈಗೆತ್ತಿಕೊಂಡಾಗ ಗಾತ್ರಕ್ಕಿಂತ ಭಾರ ಅನ್ನಿಸಬೇಕು, ಒಳಗೆ ರಸ ತುಂಬಿದೆ ಅಂತ ಅರ್ಥ. ಎರಡು ಸಿಂಪಿಯನ್ನ ಒಂದಕ್ಕೊಂದು ತಟ್ಟಿ. ಜೀವ ಇರೋದು ಕಲ್ಲಿಗೆ ಕಲ್ಲು ಬಡಿದ ಹಾಗೆ ಗಟ್ಟಿ ಸದ್ದು ಕೊಡುತ್ತೆ. ಪೊಳ್ಳು ಸದ್ದು ಬಂದರೆ ರಸ ಒಣಗಿದೆ, ಬಿಡಿ. ಸ್ವಲ್ಪ ಬಾಯಿ ತೆರೆದಿದ್ದು ತಟ್ಟಿದಾಗ ಮುಚ್ಚಿಕೊಂಡರೆ ಬದುಕಿದೆ. ಮುಚ್ಚದಿದ್ದರೆ ತೊಗೋಬೇಡಿ. ಮೂಗಿಗೆ ಸಮುದ್ರದ ಗಾಳಿ ಬಂದ ಹಾಗಿರಬೇಕು, ಬೇರೆ ಏನೂ ಅಲ್ಲ.

ಮನೆಗೆ ತಂದ ಮೇಲೆ ಅಗಲ ತಟ್ಟೆಯಲ್ಲಿ ಗುಂಡಿ ಬದಿ ಕೆಳಗಾಗಿ ಇಟ್ಟು, ಒದ್ದೆ ಬಟ್ಟೆ ಹೊದಿಸಿ, ಫ್ರಿಜ್‌ನಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಿ. ಗಾಳಿಯಾಡದ ಡಬ್ಬಿ ಬೇಡ, ಉಸಿರುಗಟ್ಟುತ್ತೆ. ಐಸ್ ಮೇಲೆ ಇಟ್ಟರೆ ಕರಗಿದ ನೀರಲ್ಲಿ ಮುಳುಗದ ಹಾಗೆ ನೋಡಿಕೊಳ್ಳಿ. ತಂದ ದಿನ ಅಥವಾ ಮಾರನೇ ದಿನವೇ ಮಾಡಿಬಿಡೋದು ನನ್ನ ಅಭ್ಯಾಸ.

ಇನ್ನೊಂದು. ಮೊಟ್ಟೆಯಿಡೋ ಕಾಲದಲ್ಲಿ, ನೀರು ಬೆಚ್ಚಗಿರುವಾಗ, ಸಿಂಪಿ ಮೆತ್ತಗೆ, ಹಾಲುಹಾಲಾಗಿ ಇರುತ್ತೆ, ಹುರಿದರೆ ನೀರುನೀರು. ತಣ್ಣೀರಿನ ಕಾಲದಲ್ಲಿ ಅದು ಗ್ಲೈಕೋಜನ್, ಅಂದ್ರೆ ಪಿಷ್ಟದಂಥ ಶಕ್ತಿಯ ದಾಸ್ತಾನು, ಕೂಡಿಟ್ಟುಕೊಂಡು ಕೊಬ್ಬಿರುತ್ತೆ, ಸಿಹಿ ಅನ್ನಿಸುತ್ತೆ. ಮೊಟ್ಟೆಯಿಡದ ಟ್ರಿಪ್ಲಾಯ್ಡ್ ತಳಿಯನ್ನ ಸಾಕೋ ಕಡೆಗಳಲ್ಲಿ ಈ ತೊಂದರೆ ಇಲ್ಲ.


ಬೆಳದಿಂಗಳು:

ಚರ್ಚೆ ಓದಿ ಖುಷಿಯಾಯ್ತು. ಬೆಳ್ಳುಳ್ಳಿ, ಪಾರ್ಸ್ಲಿ ಬಿಟ್ಟು ಬೇರೆ ಯಾವ ಬೆಣ್ಣೆ ಚೆನ್ನಾಗಿರುತ್ತೆ? ಪ್ರತಿ ಸಲ ಅದೇ ಅಂದ್ರೆ ಬೇಜಾರು.


ಬೆಣ್ಣೆಬಟ್ಟಲು:

ಬೆಳ್ಳುಳ್ಳಿ ಪಾರ್ಸ್ಲಿ ಬೆಣ್ಣೆ ಮೂಲದಲ್ಲಿ ಫ್ರೆಂಚರು ಬಸವನಹುಳುವಿಗೆ ಹಾಕೋದು, ಚಿಪ್ಪಿನ ಜೀವಿಗೆ ಅದು ಹೊಂದುತ್ತೆ ಅನ್ನೋದು ಹಳೇ ಅನುಭವ. ಸಿಂಪಿ ಮೇಲೆ ಸೊಪ್ಪಿನ ಬೆಣ್ಣೆ, ಬ್ರೆಡ್ ಪುಡಿ ಹಾಕಿ ಬೇಯಿಸೋ ತಿನಿಸುಗಳಲ್ಲಿ ಹೆಸರಾದದ್ದು ಆಯ್ಸ್ಟರ್ಸ್ ರಾಕ್‌ಫೆಲ್ಲರ್. ನ್ಯೂ ಆರ್ಲಿಯನ್ಸ್‌ನ ಆಂಟ್ವಾನ್ಸ್ ರೆಸ್ಟೋರೆಂಟ್‌ನಲ್ಲಿ ಜೂಲ್ಸ್ ಆಲ್ಸಿಯಟೋರ್ 1899ರಲ್ಲಿ ಮಾಡಿದ್ದು. ಅದು ಎಷ್ಟು ಜಿಡ್ಡಿನದ್ದು ಅಂದ್ರೆ ಆ ಕಾಲದ ದೊಡ್ಡ ಶ್ರೀಮಂತ ರಾಕ್‌ಫೆಲ್ಲರ್ ಹೆಸರನ್ನೇ ಇಟ್ಟರು. ಮೂಲ ಪಾಕವನ್ನ ಆ ಮನೆತನ ಇವತ್ತಿಗೂ ಗುಟ್ಟಾಗಿ ಇಟ್ಟಿದೆ.

ನನ್ನ ಕೈಗೆ ಒಗ್ಗಿದ್ದು ಹೇಳ್ತೀನಿ. ಹಸಿಮೆಣಸು, ಶುಂಠಿ, ನಿಂಬೆ ಸಿಪ್ಪೆ ಮೊದಲು. ಶುಂಠಿಯನ್ನ ತುರಿದು ಹಿಂಡಿ, ರಸ ಬಿಟ್ಟು ನಾರನ್ನ ಮಾತ್ರ ಹಾಕಿ, ಇಲ್ಲದಿದ್ದರೆ ಬೆಣ್ಣೆ ಒಡೆಯುತ್ತೆ. ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ ಇನ್ನೊಂದು, ಕೆಂಡ ಇಲ್ಲದೇನೇ ಕೆಂಡದ ವಾಸನೆ ಕೊಡುತ್ತೆ, ಕೆಂಡದೊಲೆಯವರು ಒಮ್ಮೆ ನೋಡಬೇಕು. ಮಿಸೋ, ಅಂದ್ರೆ ಜಪಾನಿನ ಹುದುಗಿಸಿದ ಸೋಯಾ ಮುದ್ದೆ, ಹಾಕಿದ ಬೆಣ್ಣೆಯೂ ಅದ್ಭುತ, ಆದರೆ ಮಿಸೋ ಉಪ್ಪಿನ ಮುದ್ದೆ. 100 ಗ್ರಾಂ ಬೆಣ್ಣೆಗೆ ಎರಡು ಚಿಕ್ಕ ಚಮಚ ಸಾಕು. ಸಿಂಪಿಯಲ್ಲಿ ಗಾಢ ರುಚಿ ಕೊಡೋ ಗ್ಲುಟಮೇಟ್ ಮೊದಲೇ ಇದೆ, ಮಿಸೋ ಅದನ್ನ ಎತ್ತಿ ಹಿಡಿಯುತ್ತೆ. ಟ್ಯಾರಗಾನ್ ಸೊಪ್ಪು ಸಿಕ್ಕರೆ ಅದನ್ನೂ ಮಾಡಿ. ಸೋಂಪಿನ ಹಾಗೆ ಪರಿಮಳ, ಹಾಗಾಗಿ ಕೈ ಬಿಗಿ ಹಿಡಿದು ಹಾಕಬೇಕು.

ಯಾವ ಬೆಣ್ಣೆ ಮಾಡಿದರೂ ಒಂದು ನೆನಪಿಡಿ, ಅದರ ಜೋರು ಸಿಂಪಿಯ ರಸವನ್ನ ಮುಚ್ಚಬಾರದು. ಕಣ್ಣು ಮುಚ್ಚಿ ತಿಂದರೂ ಮೊದಲು ಸಮುದ್ರ, ಆಮೇಲೆ ಬೆಳ್ಳುಳ್ಳಿ ಬರಬೇಕು.


ತುಂಬೆಹೂ:

ಚಿಪ್ಪಿಲ್ಲದೆ ಡಬ್ಬಿಯಲ್ಲಿ ಬರೋ ಸಿಂಪಿಯಲ್ಲೂ ಮಾಡಬಹುದಾ?


ಸಿಂಪಿಗತ್ತಿ:

ಮಾಡಬಹುದು. ಶಾಖ ತಡೆಯೋ ಸಣ್ಣ ಬಟ್ಟಲುಗಳಿಗೆ ಎರಡೆರಡು ಹಾಕಿ, ಡಬ್ಬಿಯ ರಸವನ್ನೂ ಒಂದೊಂದು ಚಮಚ ಹಾಕಿ, ಮೇಲೆ ಬೆಣ್ಣೆ, ಪುಡಿ. ಅದೂ ಹಸಿಯೇ, ಹಾಗಾಗಿ ಸಮಯ ಅಷ್ಟೇ ಕೊಡಬೇಕು. ಬಟ್ಟಲು ದಪ್ಪ ಇದ್ದರೆ ಕಾಯೋಕೆ ಇನ್ನೂ ಒಂದೆರಡು ನಿಮಿಷ ಹಿಡಿಯುತ್ತೆ.


ಒಲೆಮುಂದೆ:

ಭಾನುವಾರ ಆಯ್ತು. ಬರೀಲೇಬೇಕು ಅಂತ ರಾತ್ರೀನೇ ಕೂತಿದ್ದೀನಿ.

ಹದಿನಾಲ್ಕು ಸಿಂಪಿ ಇತ್ತು. ತಟ್ಟಿ ನೋಡಿದಾಗ ಒಂದು ಪೊಳ್ಳು ಸದ್ದು ಕೊಟ್ಟಿತು. ಉಳಿದವುಗಳ ಜೊತೆ ತಟ್ಟಿ ತಟ್ಟಿ ಕೇಳಿದೆ, ವ್ಯತ್ಯಾಸ ಎಷ್ಟು ಸ್ಪಷ್ಟ ಅಂದ್ರೆ ಒಮ್ಮೆ ಕೇಳಿದ ಮೇಲೆ ಮರೆಯೋಕಾಗಲ್ಲ. ಅದನ್ನ ಬಿಟ್ಟೆ. ತಂಗಿ ತನ್ನ ಡಾಕ್ಟರನ್ನ ಕೇಳಿಕೊಂಡೇ ಬಂದಿದ್ಲು, ಪೂರ್ತಿ ಬೆಂದಿದ್ದರೆ ತಿನ್ನಬಹುದು ಅಂದರಂತೆ.

ಉಪ್ಪಿನ ಹಾಸಿನ ಮೇಲೆ ಹದಿಮೂರನ್ನೂ ಕೂರಿಸಿ 230 ಡಿಗ್ರಿಗೆ ತಳ್ಳಿದೆ. ಆರನೇ ನಿಮಿಷಕ್ಕೆ ಎಂಟು ಸಂದಿ ಬಿಟ್ಟವು, ಇನ್ನು ನಾಲ್ಕು ಎಂಟನೇ ನಿಮಿಷಕ್ಕೆ. ಒಂದು ಹನ್ನೊಂದು ನಿಮಿಷವಾದರೂ ಬಾಯಿ ಬಿಡಲಿಲ್ಲ, ಎಸೆದೆ. ಸಿಂಪಿಗತ್ತಿಯವರು ಹೇಳಿದ ಹಾಗೆ ಮೇಜಿನ ಮೇಲೇ ಒತ್ತಿ ಹಿಡಿದು ಚಾಕು ಎಳೆದೆ. ಹೋದ ಸಲ ಮುಕ್ಕಾಲು ಗಂಟೆ ಹಿಡಿದದ್ದು ಈ ಸಲ ಹತ್ತು ನಿಮಿಷಕ್ಕೆ ಮುಗೀತು. ಪ್ರತಿ ಚಿಪ್ಪಲ್ಲೂ ರಸ ನಿಂತಿತ್ತು, ಸ್ವಲ್ಪ ಬೂದು ಬಣ್ಣ, ದೀಪ ಹಿಡಿದರೆ ಹೊಳೆಯೋದು. ಕಳೆದ ಸಲ ಇದನ್ನೇ ಸಿಂಕಿಗೆ ಬಗ್ಗಿಸಿದ್ದೆ ಅಂತ ನೆನೆದು ಮನಸ್ಸಿಗೆ ಚುರುಕ್ ಅಂತು.

ಮೇಲೆ ತಣ್ಣನೆ ಬೆಣ್ಣೆ ಬಿಲ್ಲೆ, ಬ್ರೆಡ್ ಪುಡಿ. ಮತ್ತೆ ಒಳಗೆ, ಗಡಿಯಾರ ಇಟ್ಟು 10 ನಿಮಿಷ. ಓವನ್ ಗಾಜಿಗೆ ಮುಖ ಹಚ್ಚಿ ನೋಡ್ತಾ ಇದ್ದೆ. ನಾಲ್ಕನೇ ನಿಮಿಷಕ್ಕೆ ಅಂಚಿನಲ್ಲಿ ಸಣ್ಣ ಗುಳ್ಳೆ, ಆರಕ್ಕೆ ಇಡೀ ಚಿಪ್ಪು ಕುದೀತಿತ್ತು, ಪುಡಿ ಹೊಂಬಣ್ಣ ತಿರುಗಿತು. ಹೊಗೆ ಇಲ್ಲವೇ ಇಲ್ಲ. ಉಪ್ಪಿನ ಮೇಲೆ ಎರಡು ಮೂರು ಕಡೆ ಮಾತ್ರ ಬೆಣ್ಣೆಯ ಕಲೆ. ತೆಗೆದು ಒಂದನ್ನ ಅಡ್ಡ ಕತ್ತರಿಸಿ ನೋಡಿದೆ. ಅಂಚು ಸುರುಳಿ, ನಡುಭಾಗ ಪೂರ್ತಿ ಮಬ್ಬು ಬಿಳಿ, ಎಲ್ಲೂ ಹಸಿ ಹೊಳಪಿಲ್ಲ. ಚಮಚದಿಂದ ಒತ್ತಿದರೆ ಗಟ್ಟಿ, ಹಲ್ಲಿಗೆ ಮೃದು.

ಉಪ್ಪು ಬೇಕಾಗಲೇ ಇಲ್ಲ. ನಿಂಬೆರಸ ಎರಡು ಹನಿ ಅಷ್ಟೇ. ತಂಗಿ ಐದು ತಿಂದಳು, ಆಮೇಲೆ ಮಾತಾಡದೆ ಬ್ರೆಡ್ ಚೂರು ಹರಿದು ಪ್ರತಿ ಚಿಪ್ಪಿನ ತಳವನ್ನೂ ಒರೆಸಿದಳು, ನನ್ನ ಚಿಪ್ಪನ್ನೂ ಬಿಡಲಿಲ್ಲ.

ನನಗೆ ಉಳಿದಿರೋ ಒಂದೇ ಕೊರತೆ, ಹದಿನಾಲ್ಕರ ಲೆಕ್ಕಕ್ಕೆ ಮಾಡಿದ್ದರಿಂದ ಕೋಲಿನ ತುದಿಯ ಬೆಣ್ಣೆ ಸ್ವಲ್ಪ ಉಳೀತು. ಅದನ್ನ ಎಷ್ಟು ದಿನ ಇಡಬಹುದು?


ನಿಧಾನಗತಿ:

ಓದಿ ಬಹಳ ಸಂತೋಷ ಆಯ್ತು. ಹಸಿ ಬೆಳ್ಳುಳ್ಳಿ ಕೊಬ್ಬಿನೊಳಗೆ ಮುಚ್ಚಿಹೋದಾಗ ಗಾಳಿ ತಾಗಲ್ಲ, ಹೊರಗಿಟ್ಟರೆ ಬೊಟುಲಿಸಂ ವಿಷ ಹುಟ್ಟೋ ಸಂಭವ ಇದೆ. ಎರಡು ನಿಮಿಷ ಬಾಡಿಸಿದ್ದು ಅದಕ್ಕೆ ಸಾಲಲ್ಲ. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಅಷ್ಟೇ. ಅದಕ್ಕಿಂತ ಮುಂದೆ ಬೇಕು ಅಂದ್ರೆ ಈಗಲೇ ಬಿಲ್ಲೆ ಕತ್ತರಿಸಿ ಫ್ರೀಜರ್‌ಗೆ ಹಾಕಿ, ಕೆಲವು ತಿಂಗಳು ಇರುತ್ತೆ. ಕರಗಿಸದೆ ಹಾಗೇ ನೇರ ಚಿಪ್ಪಿನ ಮೇಲೆ ಇಡಬಹುದು.


ಸಿಂಪಿಗತ್ತಿ:

ಚಿಪ್ಪು ಎಸೆದಿಲ್ಲ ತಾನೆ? ಗುಂಡಿ ಆಳ ಇರೋ ನಾಲ್ಕೈದನ್ನ ಕುದಿಸಿ ಒಣಗಿಸಿ ಇಟ್ಟುಕೊಳ್ಳಿ, ಡಬ್ಬಿ ಸಿಂಪಿ ಸಿಕ್ಕಾಗ ಅದರಲ್ಲೇ ಬೇಯಿಸಬಹುದು.


ಒಲೆಮುಂದೆ:

ಹನ್ನೆರಡೂ ಸಿಂಕ್ ಪಕ್ಕದಲ್ಲೇ ಇವೆ. ಈಗಲೇ ನೀರು ಕಾಯಿಸೋಕೆ ಇಡ್ತೀನಿ.